ಎಂಟು ಅಡಿಯ ಪೆನ್ಸಿಲ್: ಪೆಟ್ಟಿಗೆ ಹಲಗೆ, ಎಣ್ಣೆ ಡಬ್ಬ, ಹವಾಯಿ ಚಪ್ಪಲಿಗಳಿಂದ ಮಾಡುವ ಬಗೆ ಹೇಗೆ?

ಶಾಲಾಮಿತ್ರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ವಾಚನಾಲಯದ ಬಾಗಿಲ ಪಕ್ಕದಲ್ಲಿ ಹೆರೆದ ತುದಿ ಕೆಳಗೆ ಬರುವಂತೆ ನಿಲ್ಲಿಸಲು ಸುಮಾರು ಎಂಟು ಅಡಿ ಎತ್ತರದ ಪೆನ್ಸಿಲೊಂದನ್ನು ಮಕ್ಕಳೊಂದಿಗೆ ಸೇರಿ ಮಾಡಬೇಕೆಂದಿದ್ದೇವೆ. ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ, 15 ಕೆ.ಜಿ. ಅಡುಗೆ ಎಣ್ಣೆಯ ಖಾಲಿ ಡಬ್ಬ, ಸವೆದ ಹವಾಯಿ ಚಪ್ಪಲಿ, ಹಳೆಯ ದಿನಪತ್ರಿಕೆ ಇವೆಲ್ಲ ಮಕ್ಕಳ ಮನೆಗಳಿಂದ ಬಂದಿವೆ. ನೋಡಿದವರಿಗೆ ಅದು ಬಣ್ಣ ಬಳಿದ ಕಂಬದಂತೆ ಕಾಣಬಾರದು, ಪೆನ್ಸಿಲೇ ಆಗಿ ಕಾಣಬೇಕು. ಅಳತೆಯನ್ನು ಹೇಗೆ ನಿಗದಿ ಮಾಡುವುದು, ಆರು ಮುಖಗಳನ್ನು ಹೇಗೆ ಕೂಡಿಸುವುದು, ಹೆರೆದ ತುದಿಯನ್ನು ಹೇಗೆ ತರುವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೀಸುಳಿ:
ಮೇಷ್ಟ್ರೇ, ಮೊದಲು ರಬ್ಬರ್ ಇರುವ ಹೊಸ ಪೆನ್ಸಿಲೊಂದನ್ನು ಮಕ್ಕಳಿಂದಲೇ ಅಳೆಸಿ. ಉದ್ದ ಸುಮಾರು 190 ಮಿ.ಮೀ., ಎದುರುಬದುರು ಮುಖಗಳ ನಡುವಣ ದಪ್ಪ ಸುಮಾರು 7 ಮಿ.ಮೀ., ಒಳಗಿನ ಕಪ್ಪು ಕಡ್ಡಿ ಸುಮಾರು 2 ಮಿ.ಮೀ. ಇರುತ್ತದೆ. ಎಲ್ಲವನ್ನೂ 13ರಿಂದ ಗುಣಿಸಿದರೆ ಉದ್ದ 2,470, ದಪ್ಪ 91, ಕಡ್ಡಿ 26 ಮಿ.ಮೀ. ಆಗುತ್ತದೆ. ಎಂಟು ಅಡಿಗೆ ಮೂರೂವರೆ ಇಂಚು ದಪ್ಪ ತೀರ ಸಣಕಲು ಎನಿಸಿ ಅನೇಕರು ದಪ್ಪವನ್ನು ಹೆಚ್ಚಿಸಿಬಿಡುತ್ತಾರೆ. ನೀವು ಬೇಡವೆಂದ ಕಂಬದ ರೂಪ ಬರುವುದೇ ಅಲ್ಲಿಂದ.

ಮುಕ್ಕಾಲು ಇಂಚು ದಪ್ಪದ, ಸುಮಾರು ಎರಡು ಮೀಟರ್ ಉದ್ದದ ಆರು ಹಲಗೆಗಳು ಬೇಕು. ಹೊರಮೈಯ ಅಗಲ ತಲಾ 52.5 ಮಿ.ಮೀ. ಇರಲಿ. ಪ್ರತಿ ಹಲಗೆಯ ಎರಡೂ ಅಂಚುಗಳನ್ನು 30 ಡಿಗ್ರಿ ಓರೆಯಾಗಿ ಸೀಳಬೇಕು. ಇದನ್ನು ಸಾಮಿಲ್ಲಿನಲ್ಲಿಯೇ ಮಾಡಿಸಿ, ಮಕ್ಕಳ ಕೈಗೆ ಗರಗಸ ಬೇಡ. ಫೆವಿಕಾಲ್ ಹಚ್ಚಿ ಆರನ್ನೂ ಕೂಡಿಸಿದ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೂ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಟ್ಟರೆ, ಯಾವ ಕ್ಲಾಂಪೂ ಇಲ್ಲದೆ ಬೆಸುಗೆ ಕೂಡಿಕೊಳ್ಳುತ್ತದೆ.

ಬಣ್ಣದಬ್ರಷ್:
ತುದಿಯ ಬಗ್ಗೆ ನಾನು ಹೇಳುತ್ತೇನೆ. ಹೆರೆದ ಪೆನ್ಸಿಲನ್ನು ಹತ್ತಿರದಿಂದ ನೋಡಿ: ಬಣ್ಣ ಮುಗಿಯುವ ಗೆರೆ ನೇರವಾಗಿರುವುದಿಲ್ಲ. ಪ್ರತಿ ಮುಖದ ನಡುವೆ ಬಣ್ಣ ತುದಿಯ ಕಡೆಗೆ ಬಾಗಿರುತ್ತದೆ, ಮೂಲೆಗಳಲ್ಲಿ ಬರಿಯ ಮರ ಹಿಂದಕ್ಕೆ ಏರಿರುತ್ತದೆ. ಈ ಆರು ಕಮಾನುಗಳಿಲ್ಲದಿದ್ದರೆ ಕಣ್ಣು ಅದನ್ನು ಪೆನ್ಸಿಲ್ ಎಂದು ಒಪ್ಪುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಂಚದಿಂದ ಬಿಡಿಸಲು ಹೋಗಬೇಡಿ. ಮೊದಲು ಆರು ಹಲಗೆಗಳ ಇಡೀ ಕೊಳವೆಗೆ ಬಣ್ಣ ಹಚ್ಚಿ ಒಣಗಿಸಿ, ಆನಂತರ ಕೆಳತುದಿಯ ಆರೂ ಮೂಲೆಗಳನ್ನು ಸುಮಾರು 4 ಸೆಂ.ಮೀ. ಎತ್ತರದಿಂದ, ಅದರ ಕೆಳಗೆ ಕೂಡುವ ಚೂಪು ಶಂಕುವಿನ ಇಳಿಜಾರಿಗೆ ಸರಿಯಾಗಿ ಕೀಸಿದರೆ ಕಮಾನುಗಳು ತಾವಾಗಿಯೇ ಮೂಡುತ್ತವೆ.

ಶಂಕುವನ್ನು ಪ್ರತ್ಯೇಕವಾಗಿ ಮಾಡಿ. ಮುರಿದ ಪೊರಕೆಯ ಮರದ ಹಿಡಿಯೇ ಕಪ್ಪು ಕಡ್ಡಿಯಾಗುತ್ತದೆ. ಅದಕ್ಕೆ ಕ್ರಮವಾಗಿ ಕಿರಿದಾಗುವ ಪ್ಲೈವುಡ್ ಬಿಲ್ಲೆಗಳನ್ನು ಪೋಣಿಸಿ, ನಡುವಣ ಜಾಗಕ್ಕೆ ನೆನೆಸಿ ರುಬ್ಬಿದ ಪತ್ರಿಕೆಯ ತಿರುಳು ಮತ್ತು ಮೈದಾ ಅಂಟನ್ನು ತುಂಬಿ, ಪೂರ್ತಿ ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜಿ. ಒಟ್ಟು ಉದ್ದ 29 ಸೆಂ.ಮೀ. ಸಾಕು. ನಮ್ಮ ದೇಶದ ಪೆನ್ಸಿಲ್‌ಗಳಿಗೆ ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಪಾಪ್ಲರ್ ಮರ ಹೇರಳವಾಗಿ ಬಳಕೆಯಾಗುತ್ತದೆ; ಅದರ ತಿಳಿ ಬಣ್ಣವನ್ನೇ ಶಂಕುವಿಗೆ ಕೊಡಿ.

ಶಾಲಾಮಿತ್ರ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರಬ್ಬರಿನ ಭಾಗ ಹೇಗೆ? ಇಷ್ಟು ಸಣ್ಣ ಬುಡದ ಮೇಲೆ ಅದು ಭದ್ರವಾಗಿ ನಿಲ್ಲುವುದೇ?

ಕೀಸುಳಿ:
ದೊಡ್ಡವರ ಹವಾಯಿ ಚಪ್ಪಲಿಯ ಮುಂಭಾಗದಲ್ಲಿ 9 ಸೆಂ.ಮೀ. ಬಿಲ್ಲೆ ಸಿಗುತ್ತದೆ, ಆರೇಳನ್ನು ಒಂದರ ಮೇಲೊಂದು ಅಂಟಿಸಿದರೆ ರಬ್ಬರ್ ಸಿದ್ಧ. ಅದನ್ನು ಹಿಡಿಯುವ ಪಟ್ಟಿಗೆ ಎಣ್ಣೆ ಡಬ್ಬದಿಂದ 31 ಸೆಂ.ಮೀ. ಉದ್ದದ ತಗಡು ಕತ್ತರಿಸಿ, ಅಂಚನ್ನು ಒಳಮಡಿಸಿ. ಮಡಿಸದ ತಗಡು ಕೈ ಕೊಯ್ಯುತ್ತದೆ.

ಅದು ತಾನಾಗಿ ನಿಲ್ಲುವುದಿಲ್ಲ. ತುದಿ ಕೆಳಗಿರುವುದರಿಂದ ಎರಡು ಅಡಿ ಚದರದ ಭಾರವಾದ ಪೀಠಕ್ಕೆ ಕಡ್ಡಿಯನ್ನು ನಾಟಿದರೂ ಸಾಲದು. ಮೇಲೆ ಎರಡು ಕಡೆ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯಲೇಬೇಕು. ಮಕ್ಕಳು ಅದನ್ನು ಹಿಡಿದು ಜೋತಾಡದೆ ಇರಲಾರರು.

ಇನ್ನೊಂದು ಮಾತು. ಹಲಗೆಗಳು ವಿದೇಶದಿಂದ ಬಂದ ಸರಕಿನವಾಗಿದ್ದರೆ ಅವುಗಳ ಮೇಲಿನ ಮುದ್ರೆಯನ್ನು ಪರೀಕ್ಷಿಸಿ. ‘ಎಚ್‌ಟಿ’ ಎಂದಿದ್ದರೆ ಮರವನ್ನು ಕಾಯಿಸಿ ಹುಳುಮುಕ್ತ ಮಾಡಿದ್ದಾರೆಂದು ಅರ್ಥ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ. ಅಂಥವನ್ನು ಶಾಲೆಯೊಳಗೆ ತರಬೇಡಿ. ಹಲಗೆ ಸಾಲದೆ ಬಂದರೆ ನಿಮ್ಮ ಕಡೆಯ ಕಾಫಿ ತೋಟಗಳ ಸಿಲ್ವರ್ ಓಕ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.