ತಿಲಾಪಿಯಾ ಏಕೆ ಬೆಳೆಯುತ್ತಿಲ್ಲ? ಗುಂಪಿನ ಮೀನು ತಜ್ಞರೊಂದಿಗೆ ಪ್ರಶ್ನೋತ್ತರ

ಬದಿಯಡ್ಕದ ಸದಸ್ಯರು: ನಮಸ್ಕಾರ ಡಾಕ್ಟರೇ. ಕೆಂಪುಕಲ್ಲಿನ ಹಳೆಯ ಕೋರೆಯಲ್ಲಿ ತಿಲಾಪಿಯಾ ಸಾಕಿದ್ದೇನೆ. ಕೆಲವು ಅರ್ಧ ಕಿಲೋ ತೂಗಿದರೆ ಉಳಿದವು ಅಂಗೈಯಷ್ಟೂ ಬೆಳೆದಿಲ್ಲ. ನೀರಿನ ತುಂಬ ಸಣ್ಣ ಮರಿಗಳೂ ಇವೆ. ಗರ್ಭನಿರೋಧಕ ಮಾತ್ರೆಯನ್ನು ಪುಡಿ ಮಾಡಿ ಆಹಾರದಲ್ಲಿ ಬೆರೆಸಿದರೆ ಮರಿ ಹಾಕುವುದು ನಿಂತು ಮೀನು ದಪ್ಪವಾಗುತ್ತದೆಂಬ ಸಂದೇಶ ನೋಡಿ ನಿನ್ನೆಯಿಂದ ಕೊಡುತ್ತಿದ್ದೇನೆ. ಎಷ್ಟು ದಿನ ಕೊಡಬೇಕು?

ತಜ್ಞರು: ಈಗಲೇ ನಿಲ್ಲಿಸಿ. ಆ ಮಾತ್ರೆಯಲ್ಲಿರುವುದು ಹೆಣ್ಣಿನ ಹಾರ್ಮೋನು. ತಿಲಾಪಿಯಾದಲ್ಲಿ ಬೇಗ ಬೆಳೆಯುವುದು ಗಂಡು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಆಹಾರ ತಿನ್ನಲು ತೊಡಗಿದ ಪುಟ್ಟ ಮರಿಗಳಿಗೆ 3-4 ವಾರ ಗಂಡು ಹಾರ್ಮೋನು ಕೊಟ್ಟು ಗಂಡಾಗಿಸುವ ಕ್ರಮವಿದೆ. ಆ ವಯಸ್ಸು ದಾಟಿದ ಮೇಲೆ ಅದು ಫಲಿಸುವುದಿಲ್ಲ.

ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ, ಅದರ ಪ್ರೇರಣೆಯಿಂದ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ, ಎಲುಬು ಮತ್ತು ಮಾಂಸ ಬೆಳೆಯುವುದು ಮುಖ್ಯವಾಗಿ ಇದರಿಂದ. ಹಸಿದ ಮೀನಿನ ರಕ್ತದಲ್ಲಿ ಮೊದಲನೆಯದು ಏರುತ್ತದೆ, ಆದರೆ ಯಕೃತ್ತು ಅದಕ್ಕೆ ಓಗೊಡುವುದಿಲ್ಲ. ಐಜಿಎಫ್-1 ಇಳಿದು ಬೆಳವಣಿಗೆ ನಿಲ್ಲುತ್ತದೆ. ನಿಮ್ಮ ಹೆಣ್ಣು ಮೀನುಗಳು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ಸರಿಯಾಗಿ ತಿನ್ನುತ್ತಿಲ್ಲ. ಸಣ್ಣವು ದೊಡ್ಡವುಗಳ ಕಾಟಕ್ಕೆ ಬೆದರಿವೆ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿ ಹಸಿವೆ ಕುಂದಿದೆ. ಗಾತ್ರ ನೋಡಿ ಬೇರ್ಪಡಿಸಿ, ಮರಿಗಳನ್ನು ಬಲೆಯಿಂದ ತೆಗೆಯಿರಿ, ಮುಂದಿನ ಸಲ ಗಂಡು ಮರಿಗಳನ್ನೇ ತನ್ನಿ.

ನನಗಿರುವ ದೊಡ್ಡ ಆತಂಕ ನೀರಿನದು. ಕೆನಡಾದ ಪ್ರಯೋಗ ಸರೋವರವೊಂದಕ್ಕೆ ಇಂಥ ಮಾತ್ರೆಗಳಲ್ಲಿರುವ ಹಾರ್ಮೋನನ್ನು ಲೀಟರಿಗೆ 5-6 ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಗ್ರಾಂ) ಪ್ರಮಾಣದಲ್ಲಿ ಬೆರೆಸಿದಾಗ ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಮೂಡಿ, ಅಲ್ಲಿನ ಒಂದು ಸಣ್ಣ ಮೀನಿನ ಸಂತತಿಯೇ ಅಳಿವಿನಂಚಿಗೆ ಬಂತೆಂದು 2007ರಲ್ಲಿ ವರದಿಯಾಯಿತು. ನಿಮ್ಮ ಕೋರೆ ತುಂಬಿ ಹರಿದರೆ ನೀರು ಎಲ್ಲಿಗೆ ಹೋಗುತ್ತದೆ?

ನೀರ್ಚಾಲಿನ ಸದಸ್ಯರು: ಥೈರಾಯ್ಡ್ ಮಾತ್ರೆ ಕೊಡಬಹುದೇ?

ತಜ್ಞರು: ಬೇಡ.

ಪೆರ್ಲದ ಸದಸ್ಯರು: ಕರಿಮೀನು ಕೋರೆಯ ಸಿಹಿನೀರಿನಲ್ಲಿ ಬೆಳೆಯುತ್ತದೆಯೇ?

ಮಂಜೇಶ್ವರದ ಸದಸ್ಯರು: ಇದಕ್ಕಾಗಿಯೇ ನಾವು ಕಡಲ ಮೀನು ಬಿಟ್ಟು ಬೇರೆ ತಿನ್ನುವುದಿಲ್ಲ. ಸಾಕಿದ ಮೀನೆಲ್ಲ ಹಾರ್ಮೋನು ತುಂಬಿದವು.

ಮುಳ್ಳೇರಿಯದ ಸದಸ್ಯರು: ನೋಡದೆ ಹೇಳಬೇಡಿ. ನಾನು ಕಾಟ್ಲಾ, ರೋಹುಗಳಿಗೆ ನೆಲಗಡಲೆ ಹಿಂಡಿ ಮತ್ತು ತೌಡು ಬಿಟ್ಟು ಬೇರೇನೂ ಹಾಕುವುದಿಲ್ಲ.

ಮಂಜೇಶ್ವರದ ಸದಸ್ಯರು: ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವಾಗಲೂ ಏನೂ ಆಗದೆಂದೇ ಹೇಳಿದ್ದರು. ಕಾಸರಗೋಡು ಜಿಲ್ಲೆಯವರಾದ ನಾವು ಹೇಗೆ ನಂಬಬೇಕು?

ಮುಳ್ಳೇರಿಯದ ಸದಸ್ಯರು: ಆ ನೋವು ನಮ್ಮ ಮನೆಗೂ ತಟ್ಟಿದೆ. ಅದನ್ನು ನನ್ನ ಕೆರೆಯ ಮೇಲೆ ಹೊರಿಸಬೇಡಿ.

ಕುಂಬಳೆಯ ಸದಸ್ಯರು: ಪಿಟ್ಯುಟರಿ ಚುಚ್ಚುಮದ್ದಿನಿಂದ ಕಾಟ್ಲಾ ಬೇಗ ಬೆಳೆಯುತ್ತದೆಂದು ವಿಡಿಯೋ ಬಂದಿದೆ. ನಿಜವೇ?

ತಜ್ಞರು: ಅಲ್ಲ. ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು 1957ರಲ್ಲಿ ಗೆಂಡೆ ಜಾತಿಯ (ಕಾಟ್ಲಾ, ರೋಹು ಸೇರಿದ ಗುಂಪಿನ) ಮೀನುಗಳಿಗೆ ಪಿಟ್ಯುಟರಿಯ ಸಾರವನ್ನು ಚುಚ್ಚಿದ್ದು ಮೊಟ್ಟೆ ಇಡಿಸುವುದಕ್ಕೆ, ತೂಕ ಹೆಚ್ಚಿಸುವುದಕ್ಕಲ್ಲ. ಇಂಥ ವಿಡಿಯೋಗಳನ್ನು ಇಲ್ಲಿಗೆ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಿ.

ನೀರ್ಚಾಲಿನ ಸದಸ್ಯರು: ಥೈರಾಯ್ಡ್ ಮಾತ್ರೆ ಸ್ವಲ್ಪವೇ ಕೊಟ್ಟರೆ?

ತಜ್ಞರು: ಉತ್ತರಿಸಿದ್ದೇನೆ.

ಬದಿಯಡ್ಕದ ಸದಸ್ಯರು: ಡಾಕ್ಟರೇ, ನೀರು ಕೆಳಗಿನ ತೋಟದ ತೋಡಿಗೆ ಹೋಗುತ್ತದೆ. ಪಕ್ಕದಲ್ಲೇ ನೆರೆಯವರ ಬಾವಿಯಿದೆ.

ತಜ್ಞರು: ಕೋರೆಯ ನೀರನ್ನು ಹೊರಗೆ ಬಿಡಬೇಡಿ, ಹರಿದು ಹೋಗುವ ಕಂಡಿಯನ್ನು ಇಂದೇ ಮುಚ್ಚಿ. ಬೆರೆಸಿಟ್ಟ ಆಹಾರವನ್ನು ತೋಡಿಗಾಗಲಿ ಗೊಬ್ಬರದ ಗುಂಡಿಗಾಗಲಿ ಸುರಿಯದೆ ಕಟ್ಟಿ ಪ್ರತ್ಯೇಕವಾಗಿಡಿ. ಸದ್ಯಕ್ಕೆ ಈ ಮೀನನ್ನು ಮಾರಬೇಡಿ, ಮನೆಯಲ್ಲೂ ತಿನ್ನಬೇಡಿ. ಬಾವಿಯವರಿಗೆ ನೀವೇ ಹೋಗಿ ವಿಷಯ ತಿಳಿಸಿ, ನಂತರ ನನಗೆ ಫೋನ್ ಮಾಡಿ.