ಗದೆ ನೆಲಕ್ಕೆ ಬಡಿದ ಕೂಡಲೇ ಇಎಸ್‌ಪಿ32 ರೀಸೆಟ್

ಭೀಮನ_ಗದೆ: ಪೌರಾಣಿಕ ನಾಟಕಕ್ಕೆ ಥರ್ಮೋಕೋಲ್ ಗದೆ. ಒಳಗೆ ಇಎಸ್‌ಪಿ32 (ಕೋಡ್ ಓಡಿಸುವ ಪುಟ್ಟ ಬೋರ್ಡ್), ಎಂಪಿಯು6050 (ಚಲನೆ, ಪೆಟ್ಟು ಅಳೆಯುವ ಸೆನ್ಸರ್), 60 ಡಬ್ಲ್ಯೂಎಸ್2812ಬಿ ಎಲ್‌ಇಡಿ (ಡೇಟಾ ತಂತಿಯಿಂದ ಬಣ್ಣ ಬದಲಿಸುವಂಥವು). ಸ್ಪ್ರಿಂಗ್ ಹೋಲ್ಡರ್‌ನಲ್ಲಿ ಒಂದು 18650 ಲಿಥಿಯಂ ಸೆಲ್, ಅದರ ವೋಲ್ಟೇಜ್ ಏರಿಸುವ ಎಂಟಿ3608 ಬೂಸ್ಟ್‌ನಿಂದ 5 ವೋಲ್ಟ್. ನೆಲಕ್ಕೆ ಬಡಿದಾಗ ಅಷ್ಟೂ ಎಲ್‌ಇಡಿ ಬೆಳ್ಳಗೆ ಹೊಳೆದು ಆರಬೇಕು. ಆದರೆ ಹೊಳೆಯಲು ಶುರುವಾಗಿದ್ದೇ ಬೋರ್ಡ್ ರೀಸೆಟ್. ಆಗಾಗ ಮೊದಲ ಎಲ್‌ಇಡಿ ಸುಮ್ಮಸುಮ್ಮನೆ ಹಸಿರಾಗುತ್ತದೆ. ಕೋಡ್ ತಪ್ಪಾ?

ಬೆಸುಗೆ_ಹೊಗೆ: ಕೋಡ್ ಆಮೇಲೆ ನೋಡೋಣ. ಮೊದಲು ಪೆಟ್ಟು ಬೇರೆ, ಬೆಳಕು ಬೇರೆ ಮಾಡಿ ನೋಡಿ. ಗದೆ ಮೇಜಿನ ಮೇಲೆ ಇಟ್ಟು ಬಟನ್‌ನಿಂದ ಫ್ಲ್ಯಾಶ್ ಕೊಡಿ. ಆಮೇಲೆ ಎಲ್‌ಇಡಿ ಪಟ್ಟಿಯ 5 ವೋಲ್ಟ್ ತಂತಿ ಬಿಚ್ಚಿ, ಬರೀ ಬಡಿಯಿರಿ.

ಲೆಕ್ಕ ಮಾತ್ರ ಈಗಲೇ ಹೇಳಬಹುದು. ಪೂರ್ತಿ ಬಿಳಿಗೆ ಎಲ್‌ಇಡಿಗೆ 60 ಮಿಲಿಆಂಪ್, ಒಟ್ಟು 3.6 ಆಂಪ್, ಅಂದರೆ 18 ವ್ಯಾಟ್. ಸೆಲ್ 3.5 ವೋಲ್ಟ್‌ಗೆ ಇಳಿದಿದ್ದರೆ, ಬೂಸ್ಟ್‌ನ ನಷ್ಟ ಸೇರಿ ಅದರಿಂದ ಸುಮಾರು 6 ಆಂಪ್ ಎಳೆಯಬೇಕು. ಎಂಟಿ3608ರ ಸ್ವಿಚ್ಚಿನ ಮಿತಿಯೇ 4 ಆಂಪ್!

ಭೀಮನ_ಗದೆ: ಎರಡರಲ್ಲೂ ರೀಸೆಟ್ ಆಗ್ತಿದೆ ಸರ್. ಎಲ್‌ಇಡಿ ಬಿಚ್ಚಿ ಬಡಿದರೂ.

ಬೆಸುಗೆ_ಹೊಗೆ: ಹಾಗಾದರೆ ಕಾಯಿಲೆ ಎರಡು. ಬಡಿದಾಗ ಗದೆ ನಿಲ್ಲುತ್ತದೆ, ಸೆಲ್ ನಿಲ್ಲುವುದಿಲ್ಲ. ಸ್ಪ್ರಿಂಗ್ ಅದುಮಿಕೊಂಡು ಮುಂದೆ ಸರಿಯುತ್ತದೆ, ಆ ಕ್ಷಣ ಇನ್ನೊಂದು ತುದಿ ತಗಡಿನಿಂದ ಬಿಡುತ್ತದೆ. ಹೋಲ್ಡರ್ ತೆಗೆದುಬಿಡಿ. ನಿಕ್ಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿದ ಸೆಲ್ ತಂದು, ಪಟ್ಟಿಗೆ ತಂತಿ ಬೆಸೆಯಿರಿ. ಸೆಲ್ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ಆ ಬಿಸಿಗೆ ಒಳಗೆ ಕೆಡುತ್ತದೆ. ಸುತ್ತ ಫೋಮ್ ತುಂಬಿ.

ಎಲ್‌ಇಡಿ ಪಟ್ಟಿಯ ಬುಡಕ್ಕೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ: 2 ಆಂಪ್ ಎಳೆದರೆ ಒಂದು ಮಿಲಿಸೆಕೆಂಡಿಗೆ 2 ವೋಲ್ಟ್ ಇಳಿಯುತ್ತದೆ. ಅದಕ್ಕೇ ಇಎಸ್‌ಪಿ32ಕ್ಕೆ ಬೇರೆ ದಾರಿ ಬೇಕು. 5 ವೋಲ್ಟ್‌ನಿಂದ 1ಎನ್5819 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ), ಅದರ ಆಚೆ 470 ಮೈಕ್ರೋಫ್ಯಾರಡ್, ಅಲ್ಲಿಂದ ಬೋರ್ಡಿನ 5 ವೋಲ್ಟ್ ಪಿನ್. ಆಗ ಎಲ್‌ಇಡಿಗಳು ಅದರ ಚಾರ್ಜ್ ಕದಿಯಲಾರವು.

ಎಲ್‌ಇಡಿ ಓಡಿಸುವ ಫಾಸ್ಟ್‌ಎಲ್‌ಇಡಿ ಕೋಡ್ ಲೈಬ್ರರಿಯಲ್ಲಿ ಪವರ್ ಮಿತಿ 5 ವೋಲ್ಟ್, 1000 ಮಿಲಿಆಂಪ್‌ಗೆ ಇಡಿ. ಬಿಳಿಯೇ ಯಾಕೆ ಬೇಕು ಅಂತಲೂ ಕೇಳಿಕೊಳ್ಳಿ. ಪೂರ್ತಿ ಕೆಂಪಿಗೆ ಅರ್ಧ ಹಸಿರು ಬೆರೆಸಿದರೆ ಬೆಂಕಿಯ ಬಣ್ಣ, ಕರೆಂಟ್ ಅರ್ಧ. ಗದೆಗೆ ಟ್ಯೂಬ್‌ಲೈಟ್ ಬಿಳಿಗಿಂತ ಅದೇ ಒಪ್ಪುತ್ತದೆ.

ಮಿಣುಕುಹುಳ: ಹಸಿರಾಗುವ ಎಲ್‌ಇಡಿ ಬಗ್ಗೆ. 5 ವೋಲ್ಟ್‌ನಲ್ಲಿ ಡೇಟಾಗೆ 3.5 ವೋಲ್ಟ್ ಬೇಕು, ಇಎಸ್‌ಪಿ32 ಕೊಡುವುದು 3.3. ನಡುವೆ ಸಿಗ್ನಲ್ ಅನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ, 5 ವೋಲ್ಟ್‌ನಲ್ಲೇ ಓಡಿಸಿ, ಎನೇಬಲ್ ಪಿನ್ ಗ್ರೌಂಡ್‌ಗೆ. ಅಂಗಡಿಯಲ್ಲಿ 74ಎಚ್‌ಸಿ125 ಕೊಟ್ಟರೆ ವಾಪಸ್ ಮಾಡಿ, ಅದಕ್ಕೂ 3.5 ವೋಲ್ಟೇ ಬೇಕು. ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಮೊದಲ ಎಲ್‌ಇಡಿ ಪಕ್ಕದಲ್ಲೇ.

ಭೀಮನ_ಗದೆ: ನಿಕ್ಕಲ್ ಪಟ್ಟಿ, ಡಯೋಡ್ ಎರಡೂ ಆಯ್ತು, ಐವತ್ತು ಸಲ ಬಡಿದರೂ ರೀಸೆಟ್ ಇಲ್ಲ. ಈಗ ಗದೆ ಬೀಸಿದರೂ ಹೊಳೆಯುತ್ತೆ!

ಮಿಣುಕುಹುಳ: ಎಂಪಿಯು6050 ಆನ್ ಆದಾಗ ±2 ಜಿ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು) ರೇಂಜ್‌ನಲ್ಲಿರುತ್ತದೆ, ಬೀಸಿದರೇ ತುಂಬಿಹೋಗುತ್ತದೆ. ±16 ಜಿಗೆ ಬದಲಿಸಿ. ಆಗ 1 ಜಿಗೆ ಸೆನ್ಸರ್ ಕೊಡುವ ಸಂಖ್ಯೆ 2048. ಮಿತಿ 8 ಜಿಯಿಂದ ಶುರುಮಾಡಿ, ಒಮ್ಮೆ ಹೊಳೆದ ಮೇಲೆ 300 ಮಿಲಿಸೆಕೆಂಡ್ ಸೆನ್ಸರ್ ಮಾತು ಕೇಳಬೇಡಿ.