ಸಯನೊಟೈಪ್ ತೊಳೆದಷ್ಟೂ ಹಳದಿ ಆಗ್ತಿದೆ, ಯಾರಾದ್ರೂ ದಾರಿ ತೋರಿಸಿ

ಜರೀಗಿಡ:
ಖಾದಿ ಮೇಲೆ ಜರೀಗಿಡದ ಎಲೆ, ನುಗ್ಗೆಸೊಪ್ಪು ಹರಡಿ ಸಯನೊಟೈಪ್ ಮಾಡ್ತಿದ್ದೀನಿ, ಅಂದ್ರೆ ಕಬ್ಬಿಣದ ದ್ರಾವಣ ಬಳಿದ ಬಟ್ಟೆನ ಬಿಸಿಲಿಗಿಟ್ಟು ನೀಲಿ ಅಚ್ಚು ತೆಗೆಯೋದು. ಜನವರಿಯ ಚಿತ್ರಸಂತೆಗೆ ದುಪಟ್ಟಾ, ಗೋಡೆಗೆ ಹಾಕೋ ಬಟ್ಟೆ ತಗೊಂಡು ಹೋಗಬೇಕು ಅಂತ ಆಸೆ. ದ್ರಾವಣ ಎಲ್ರೂ ಮಾಡೋ ಥರಾನೇ. ಬಿಸಿಲಿಂದ ತೆಗೆದು ನೀರಿಗೆ ಹಾಕಿದಾಗ ಚೆಂದದ ನೀಲಿ ಬರುತ್ತೆ. ಆಮೇಲೆ ತೊಳೀತಾ ತೊಳೀತಾ ಬಣ್ಣ ಇಳಿದು, ಒಣಗೋ ಹೊತ್ತಿಗೆ ಎಲ್ಲ ಕಡೆ ಹಳದಿ ಛಾಯೆ. ಬಟ್ಟೆ ದುಡ್ಡೂ ಹೋಯ್ತು, ಕೆಮಿಕಲ್ ದುಡ್ಡೂ ಹೋಯ್ತು. ಸಾಕಾಗಿಹೋಗಿದೆ. ಏನಾಗ್ತಿದೆ ಇದು?

ಬಿಸಿಲುಪೆಟ್ಟಿಗೆ:
ಎಕ್ಸ್‌ಪೋಶರ್ ಕಮ್ಮಿ, ಬೇರೆ ಏನೂ ಅಲ್ಲ. ಬೆಳಕು ಸಾಲದಿದ್ರೆ ನೀಲಿ ಬಟ್ಟೆಯಲ್ಲಿ ನಿಲ್ಲಲ್ಲ, ತೊಳೆಯೋ ನೀರಲ್ಲೇ ಹೊರಟುಹೋಗುತ್ತೆ. ಲೋಹದ ಥರ ಬೂದು ಬಣ್ಣ ಬರೋವರೆಗೂ ಬಿಸಿಲಲ್ಲೇ ಬಿಡಿ.

ನೂಲುಂಡೆ:
ಹೊಸ ಬಟ್ಟೆಯ ಗಂಜಿ ತೆಗೆದಿದ್ರಾ ಮೇಡಂ? ಬಿಸಿನೀರಲ್ಲಿ ನೆನೆಸಿ ಒಗೆಯದೆ ಬಳಿದ್ರೆ ದ್ರಾವಣ ಗಂಜಿ ಮೇಲೇ ಕೂರುತ್ತೆ, ನೂಲಿಗೆ ಇಳಿಯಲ್ಲ.

ಜರೀಗಿಡ:
ಗಂಜಿ ತೆಗೆದೇ ಮಾಡಿದ್ದು. ಡ್ರಾಯಿಂಗ್ ಕಾಗದದ ಮೇಲೂ ಇದೇ ಹಣೆಬರಹ. ಬಿಸಿಲಿಗೆ ಜಾಸ್ತಿ ಹೊತ್ತು ಇಟ್ಟೂ ನೋಡಿದೆ. ನೀಲಿ ಗಾಢವಾಗಿ ಬರುತ್ತೆ, ಹಳದಿ ಮಾತ್ರ ತಪ್ಪಲ್ಲ.

ಬಿಸಿಲುಪೆಟ್ಟಿಗೆ:
ಬಿಸಿಲನ್ನ ನಂಬೋಕಾಗಲ್ಲ, ಮೋಡ ಒಂದು ಸಲ ಅಡ್ಡ ಬಂದ್ರೂ ಲೆಕ್ಕ ತಪ್ಪುತ್ತೆ. ನಾನು ಪ್ಲೈವುಡ್ ಪೆಟ್ಟಿಗೆ ಮಾಡಿ ಒಳಗೆ ಯುವಿ ಎಲ್‌ಇಡಿ ಪಟ್ಟಿ ಸಾಲಾಗಿ ಅಂಟಿಸಿದ್ದೀನಿ, ಮೇಲೆ ಟೈಮರ್, ಬಿಸಿ ಹೊರಹಾಕೋಕೆ ಹಳೇ ಕಂಪ್ಯೂಟರ್ ಫ್ಯಾನ್. ಮಳೆಗಾಲದಲ್ಲೂ ಒಂದೇ ಥರ ಪ್ರಿಂಟ್. ಮೊದಲು ಟೆಸ್ಟ್ ಸ್ಟ್ರಿಪ್ ಹಾಕಿ (ಒಂದು ಪಟ್ಟಿಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಹೊತ್ತು ಬೆಳಕು ಬಿಟ್ಟು ನೋಡೋದು), ಆಮೇಲೆ ಮಾತಾಡೋಣ.

ನೀಲಿಮೇಷ್ಟ್ರು:
ಅಳತೆ ಹೇಳಮ್ಮ. 100 ಮಿ.ಲೀ. ನೀರಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು 100 ಮಿ.ಲೀ.ಗೆ ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ, ಬಳಿಯೋ ಮುಂಚೆ ಸಮಸಮ ಬೆರೆಸೋದು. ಇಷ್ಟೇ ತಾನೆ? ಸಿಟ್ರೇಟ್ ಹಸಿರು ಬಣ್ಣದ್ದೋ, ಕಂದು ಬಣ್ಣದ್ದೋ?

ಜರೀಗಿಡ:
ಅದೇ ಅಳತೆ ಸಾರ್. ಹಸಿರು ಬಣ್ಣದ್ದು.

ಅವರಿನೀಲಿ:
ಈ ಕಬ್ಬಿಣದ ನೀಲಿ ನಂಬೋ ಬಣ್ಣ ಅಲ್ಲ. ಬಿಸಿಲಿಗೆ ಹೋಗುತ್ತೆ, ಸೋಪಿಗೆ ಹೋಗುತ್ತೆ. ಬಟ್ಟೆಗೆ ಗಿಡದಿಂದ ಬರೋ ಅವರಿ ನೀಲಿಯೇ (ಇಂಡಿಗೊ) ಸರಿ, ತಲೆಮಾರು ಬಾಳುತ್ತೆ.

ನೀಲಿಮೇಷ್ಟ್ರು:
ಅದು ಒಪ್ಪೋ ಮಾತಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಈ ವಿಧಾನ ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್‌ಕಿನ್ಸ್ ಕಡಲಪಾಚಿಯನ್ನ ಹೀಗೇ ಹಾಳೆ ಮೇಲಿಟ್ಟು ಅಚ್ಚು ತೆಗೆಯೋಕೆ ಶುರು ಮಾಡಿದ್ರು. ಆ ಹಾಳೆಗಳು ಇವತ್ತಿಗೂ ನೀಲಿಯಾಗೇ ಇವೆ. ಹಿಂದೆ ಕಟ್ಟಡದ ಬ್ಲೂಪ್ರಿಂಟ್‌ಗಳೂ ಇದೇ ರಸಾಯನದಲ್ಲಿ ಆಗ್ತಿದ್ವು. ಬಿಸಿಲಿಗೆ ಮಂಕಾದ ನೀಲಿ ಕತ್ತಲಿರೋ ಬೀರುವಿನೊಳಗೆ ಇಟ್ರೆ ಸುಮಾರು ಮಟ್ಟಿಗೆ ಮರಳಿ ಬರುತ್ತೆ. ಈಕೆಗೆ ಆಗ್ತಿರೋದು ಅದಲ್ಲ.

ಬಿಸಿಲುಪೆಟ್ಟಿಗೆ:
ಟೆಸ್ಟ್ ಸ್ಟ್ರಿಪ್ ಫೋಟೊ ಇನ್ನೂ ಬಂದಿಲ್ಲ. ಎಕ್ಸ್‌ಪೋಶರ್ ಅಂತಲೇ ನನ್ನ ಮಾತು.

ಸಾಧನಕೇರಿ:
ಅಲ್ರೀ, ಆಗಿಂದ ಬಿಸಿಲು ಬಿಸಿಲು ಅಂತ ಹೊಂಟೀರಿ. ತೊಳಿಯೋ ನೀರು ಯಾವುದು ಅಂತ ಒಬ್ಬರೂ ಕೇಳಿಲ್ಲ. ಬೋರಿನ ನೀರೋ, ನಳದ ನೀರೋ? ಹೇಳ್ರಿ ತಂಗಿ.

ಜರೀಗಿಡ:
ನೀರಿಗೇನು ಅಣ್ಣ, ಆರ್‌ಓ ಇದೆಯಲ್ಲ. ಕುಡಿಯೋ ನೀರು ಬೇರೆ ಪೈಪಲ್ಲಿ ಬರುತ್ತೆ, ಇನ್ನೊಂದು ಪೈಪಿನ ನೀರು ಚೆಲ್ಲಬಾರದು ಅಂತ ಬಕೆಟಲ್ಲಿ ಹಿಡಿದಿಟ್ಟು ಅದರಲ್ಲೇ ತೊಳೆಯೋದು. ಆರ್‌ಓಗೆ ಹೋಗೋದು ಬೋರ್‌ವೆಲ್ ನೀರು.

ಸಾಧನಕೇರಿ:
ಸಿಕ್ತು ನೋಡ್ರಿ! ಬೋರಿನ ಉಪ್ಪೆಲ್ಲ ಒಟ್ಟಾಗಿ ಬರೋದು ಆ ಎರಡನೇ ಪೈಪಿನಾಗ.

ನೀಲಿಮೇಷ್ಟ್ರು:
ಸಾಧನಕೇರಿಯವರು ಸರಿಯಾದ ಪ್ರಶ್ನೆ ಕೇಳಿದ್ರು. ಬೋರಿನ ಉಪ್ಪಲ್ಲಿ ಕ್ಷಾರದ ಅಂಶವೂ ಇರಬಹುದು. ಈ ನೀಲಿಗೆ ಆಮ್ಲ ಹಿತ, ಕ್ಷಾರ ಶತ್ರು. ಕ್ಷಾರ ತಗುಲಿದ್ರೆ ನೀಲಿ ಒಡೆದು ಕಬ್ಬಿಣ ತುಕ್ಕಿನ ರೂಪಕ್ಕೆ ಹೋಗುತ್ತೆ. ನೀನು ನೋಡ್ತಿರೋ ಹಳದಿ ಅದೇ ಇರಬೇಕಮ್ಮ. ಹೀಗೆ ಹೋದದ್ದು ಕತ್ತಲಲ್ಲಿಟ್ರೂ ವಾಪಸ್ ಬರಲ್ಲ. ಕೆಲವು ಡ್ರಾಯಿಂಗ್ ಕಾಗದಕ್ಕೆ ಹೆಚ್ಚು ಕಾಲ ಬಾಳಲಿ ಅಂತ ಸುಣ್ಣದಂಶ ಸೇರಿಸಿರ್ತಾರೆ, ಅದೂ ಆಗಿಬರಲ್ಲ. ಪರೀಕ್ಷೆ ಮನೆಯಲ್ಲೇ ಮಾಡಬಹುದು: ಕೆಂಪು ದಾಸವಾಳದ ಎಸಳು ಬಿಸಿನೀರಲ್ಲಿ ಕಿವುಚಿ ರಸ ತೆಗೆದು ಆ ಬಕೆಟ್ ನೀರಿಗೆ ಸ್ವಲ್ಪ ಹಾಕಿ ನೋಡು. ಹಸಿರಿಗೆ ತಿರುಗಿದ್ರೆ ಕ್ಷಾರ.

ಬಿಸಿಲುಪೆಟ್ಟಿಗೆ:
ನಮ್ಮ ಬೋರ್ ನೀರಿಗೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) ಅಳೆಯೋ ಮೀಟರ್ 900 ತೋರಿಸುತ್ತೆ ಮೇಷ್ಟ್ರೇ. ನನ್ನ ಪ್ರಿಂಟ್‌ಗೆ ಏನೂ ಆಗಿಲ್ಲ.

ನೀಲಿಮೇಷ್ಟ್ರು:
ಟಿಡಿಎಸ್ ಬೇರೆ, ಕ್ಷಾರ ಬೇರೆ ಸಾರ್. ಅಡುಗೆ ಉಪ್ಪು ಕದಡಿದ್ರೂ ಮೀಟರ್ ಏರುತ್ತೆ, ಅದರಿಂದ ನೀರು ಕ್ಷಾರ ಆಗಲ್ಲ.

ಬಿಸಿಲುಪೆಟ್ಟಿಗೆ:
ಮೀಟರ್ ಒಳ್ಳೆಯದೇ ನನ್ನದು.

ನೂಲುಂಡೆ:
ಮೀಟರ್ ವಿಷಯಕ್ಕೆ ಬೇರೆ ಚರ್ಚೆ ತೆರೀರಿ, ಪಾಪ ಮೇಡಂ ಸಂತೆ ಹತ್ರ ಬಂತು. ಈಗ ಏನು ಮಾಡಬೇಕು ಹೇಳಿ.

ನೀಲಿಮೇಷ್ಟ್ರು:
ಮೊದಲ ತೊಳೆತಕ್ಕೆ ಲೀಟರ್ ನೀರಿಗೆ ಕಾಲು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಇಲ್ಲಾಂದ್ರೆ ಎರಡು ಚಮಚ ವಿನೆಗರ್. ಹಳದಿ ಹಸಿರು ದ್ರಾವಣ ಪೂರ್ತಿ ಬಿಡೋವರೆಗೂ ನೀರು ಬದಲಿಸ್ತಾ ಇರು. ಕೊನೆಗೆ ಕುಡಿಯೋ ಪೈಪಿನ ನೀರು ಅಥವಾ ಹಿಡಿದಿಟ್ಟ ಮಳೆನೀರು. ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ಯಾರೂ ಮುಟ್ಟಬೇಡಿ. ಫೆರಿಸೈನೈಡ್‌ಗೆ ಗಟ್ಟಿ ಆಸಿಡ್ ಬಿದ್ರೆ ವಿಷದ ಗಾಳಿ ಬರಬಹುದು. ದುಪಟ್ಟಾ ಕೊಂಡವರಿಗೂ ಡಿಟರ್ಜೆಂಟ್ ಬೇಡ, ಅಂಟುವಾಳದ ಕಾಯಿ ನೀರಲ್ಲಿ ಒಗೀರಿ ಅಂತ ಚೀಟಿ ಬರೆದುಕೊಡು.

ಜರೀಗಿಡ:
ದಾಸವಾಳ ಹಾಕಿದೆ ಸಾರ್, ಬಕೆಟ್ ನೀರು ಹಸಿರಿಗೆ ತಿರುಗ್ತು. ಒಂದೇ ತುಂಡನ್ನ ಹರಿದು ಅರ್ಧ ನಿಂಬೆ ಉಪ್ಪಿನ ನೀರಿಗೆ, ಅರ್ಧ ಹಳೇ ಬಕೆಟಿಗೆ ಹಾಕಿದೆ. ನಿಂಬೆ ಉಪ್ಪಿಂದು ಒಣಗಿದ ಮೇಲೂ ಗಾಢ ನೀಲಿ, ನುಗ್ಗೆಸೊಪ್ಪಿನ ಒಂದೊಂದು ಎಲೆಯೂ ಬಿಳಿಯಾಗಿ ಬಿಡಿಬಿಡಿಯಾಗಿ ಕಾಣ್ತಿದೆ. ಇನ್ನರ್ಧ ಹಳದಿ. ಸಾಧನಕೇರಿ ಅಣ್ಣನಿಗೂ ನಿಮಗೂ ತುಂಬಾ ಥ್ಯಾಂಕ್ಸ್. ಈಗಾಗಲೇ ಹಾಳಾದ ಬಟ್ಟೆಗಳಿಗೆ ಏನಾದ್ರೂ ಮಾಡಬಹುದಾ?

ಬಿಸಿಲುಪೆಟ್ಟಿಗೆ:
ಎರಡೂ ಅರ್ಧಕ್ಕೆ ಬಿಸಿಲು ಸಮ ಬಿದ್ದಿತ್ತಾ?

ಜರೀಗಿಡ:
ಒಂದೇ ತುಂಡು ಅಂದೆನಲ್ಲ ಸಾರ್.

ಚೊಗರು_ತೀರ್ಥಹಳ್ಳಿ:
ಹಾಳಾಯ್ತು ಅಂತ ಎಸೀಬೇಡಿ ಮಾರಾಯ್ರೆ. ನಾನು ಬೇಕಂತಲೇ ನೀಲಿ ತೆಗೀತೀನಿ. ಲೀಟರ್ ನೀರಿಗೆ ಒಂದು ಸಣ್ಣ ಚಮಚ ವಾಷಿಂಗ್ ಸೋಡಾ ಹಾಕಿ ಬಟ್ಟೆ ಮುಳುಗಿಸಿದ್ರೆ ಹಳದಿ ಆಗ್ತದೆ. ಚೆನ್ನಾಗಿ ಜಾಲಿಸಿ, ಆಮೇಲೆ ಅಡಿಕೆ ಬೇಯಿಸಿದ ಚೊಗರು ನೀರು ಮಾಡಿಕೊಂಡು ಅದರಲ್ಲಿ ಬಿಟ್ಟರೆ ಚೊಗರಿನ ಟ್ಯಾನಿನ್ (ಒಗರಿನ ಅಂಶ) ಉಳಿದ ಕಬ್ಬಿಣಕ್ಕೆ ಕಚ್ಚಿಕೊಂಡು ಕಾಫಿ ಕಂದಿನಿಂದ ಕಪ್ಪಿನವರೆಗೆ ಹೋಗ್ತದೆ. ಟೀ ಸೊಪ್ಪಿನ ಡಿಕಾಕ್ಷನ್‌ನಲ್ಲೂ ಆಗ್ತದೆ, ಆದ್ರೆ ಚೊಗರಿನ ಕಂದು ನನಗೆ ಹೆಚ್ಚು ಇಷ್ಟ. ಎಲೆಯ ಬಿಳಿ ಜಾಗಕ್ಕೂ ಸ್ವಲ್ಪ ಬಣ್ಣ ಹತ್ತೇ ಹತ್ತುತ್ತದೆ, ಅದಕ್ಕೆ ಚೊಗರು ತೆಳುವಾಗಿರಲಿ. ನಿಮ್ಮ ಬಟ್ಟೆಯಲ್ಲಿ ಕಬ್ಬಿಣ ಎಷ್ಟು ಉಳಿದಿದೆಯೋ ಅಷ್ಟೇ ಬಣ್ಣ ಬರೋದು, ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ.

ಅವರಿನೀಲಿ:
ಚೊಗರಿನ ಬಣ್ಣ ಅಂದ್ರೆ ನಾನೂ ಬರ್ತೀನಿ. ಅಳಲೆಕಾಯಿ ನೀರಲ್ಲಿ ಪ್ರಯತ್ನಿಸಿದ್ದೀರಾ? ನನ್ನ ಬಣ್ಣದ ಗುಡಾಣಗಳ ಫೋಟೊ ಹಾಕ್ತೀನಿ ಇರಿ.

ಜರೀಗಿಡ:
ಬೆಂಗಳೂರಲ್ಲಿ ಚೊಗರು ಎಲ್ಲಿ ಸಿಗುತ್ತೆ? ಗ್ರಂಥಿಗೆ ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಾರಾ?

ಚೊಗರು_ತೀರ್ಥಹಳ್ಳಿ:
ಅಲ್ಲಿ ಗೊತ್ತಿಲ್ಲ. ಈಗ ಕೊಯ್ಲು ನಡೀತಾ ಇದೆ, ನಮ್ಮ ಹಂಡೆಯಲ್ಲಿ ಇದ್ದೇ ಇರ್ತದೆ. ಮಲೆನಾಡಿನ ಕಡೆ ನೆಂಟರಿದ್ರೆ ಒಂದು ಬಾಟಲಿ ತರಿಸಿಕೊಳ್ಳಿ.